ಮಗಳು ಕೆರೆಗೆ ಇಳಿದ ದಿನ

"ತಾತ, ಇವರಲ್ಲಿ ಅಮ್ಮ ಯಾರು?"

ಒಂಬತ್ತು ವರ್ಷದ ಮೊಮ್ಮಗ ನನ್ನ ಸ್ವೆಟರ್ ಎಳೆಯುತ್ತಾ ಕೇಳಿದ. ನನಗೂ ಗೊತ್ತಾಗುತ್ತಿರಲಿಲ್ಲ. ಎದುರಿಗೆ ದೊಡ್ಡ ನೀಲಿ ಕೆರೆ. ದಡದಲ್ಲಿ ನಿಂತವರಿಗೆಲ್ಲ ಕುತ್ತಿಗೆಯಿಂದ ಪಾದದವರೆಗೆ ಒಂದೇ ಥರದ ಕಪ್ಪು ರಬ್ಬರ್ ಉಡುಪು, ತಲೆಗೆ ಬಿಗಿಯಾದ ಟೋಪಿ, ಕಣ್ಣಿಗೆ ಈಜುವ ಕನ್ನಡಕ. ಹೆಣ್ಣು ಯಾರು, ಗಂಡು ಯಾರು ಎಂಬುದೂ ತಿಳಿಯದಂಥ ಆ ಗುಂಪಿನಲ್ಲಿ 42 ವರ್ಷದ ನನ್ನ ಮಗಳೂ ಇದ್ದಳು. ಇನ್ನು ಐದು ನಿಮಿಷಕ್ಕೆ ಆ ತಣ್ಣನೆಯ ನೀರಿಗೆ ಇಳಿಯುವವಳಿದ್ದಳು.

ಪಕ್ಕದಲ್ಲಿ ನನ್ನಾಕೆ ಚಿತ್ರಾನ್ನದ ಡಬ್ಬಿಯನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಮನೆದೇವರ ಹೆಸರು ಹೇಳಿಕೊಳ್ಳುತ್ತಿದ್ದಳು ಎಂದು ತುಟಿ ನೋಡಿಯೇ ತಿಳಿಯಿತು.

ಅದು 2018ರ ಏಪ್ರಿಲ್. ಮಗಳ ಸಂಸಾರ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದೆ. ನಾವಿಬ್ಬರೂ ಮೂರು ತಿಂಗಳಿಗೆಂದು ಹೋಗಿದ್ದೆವು. ನಮ್ಮಲ್ಲಿ ಸೆಕೆ ಸುಡುವ ಆ ತಿಂಗಳಲ್ಲಿ ಅಲ್ಲಿ ಚಳಿಗೆ ಮುಂಚಿನ ಕಾಲ. ಆಕ್ಲೆಂಡಿನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ ಹೋದರೆ ರೊಟೊರುವಾ ಎಂಬ ಊರು. ಭೂಮಿಯೊಳಗಿನ ಬಿಸಿಗೆ ಅಲ್ಲಿ ಕೆಸರು ಕೊತಕೊತ ಕುದಿಯುತ್ತದೆ, ಬೀದಿ ಪಕ್ಕದಲ್ಲೇ ಆವಿ ಏಳುತ್ತದೆ, ಊರಿಗೆಲ್ಲ ಗಂಧಕದ ವಾಸನೆ. "ತಾತ, ಊರೇ ಕೊಳೆತ ಮೊಟ್ಟೆ" ಎಂದು ಮೊಮ್ಮಗ ಮೂಗು ಮುಚ್ಚಿಕೊಂಡಿದ್ದ. ಆ ಊರಿನ ಹೊರಗೆ ಟಿಕಿಟಾಪು ಕೆರೆ ಇದೆ. ಜನ ಅದನ್ನು ನೀಲಿ ಕೆರೆ ಎನ್ನುತ್ತಾರೆ. ಮಗಳು ಸ್ಪರ್ಧೆಗೆ ಬಂದಿದ್ದು ಅಲ್ಲಿಗೆ.

ಏನಿದು ಸ್ಪರ್ಧೆ?

ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ವಿಶ್ರಾಂತಿ ಇಲ್ಲ. ಇದಕ್ಕೆ ಟ್ರಯಥ್ಲಾನ್ ಎಂದು ಹೆಸರು. ಇಂಥದ್ದೊಂದು ಸ್ಪರ್ಧೆ 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆಯಿತು. ಭಾಗವಹಿಸಿದವರು 46 ಜನ. ನಾಲ್ಕು ವರ್ಷದ ನಂತರ, 1978ರಲ್ಲಿ, ಹವಾಯಿಯಲ್ಲಿ 15 ಜನ ಇನ್ನೂ ದೊಡ್ಡದಕ್ಕೆ ಕೈ ಹಾಕಿದರು: 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42 ಕಿಲೋಮೀಟರ್ ಓಟ. 12 ಜನ ಮುಗಿಸಿದರು. ಅದೇ ಇಂದಿನ ಐರನ್‌ಮ್ಯಾನ್ ಸ್ಪರ್ಧೆ. 2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೂ ಟ್ರಯಥ್ಲಾನ್ ಬಂತು.

ಅವೆಲ್ಲ ಡಾಂಬರು ರಸ್ತೆಯ ಸ್ಪರ್ಧೆಗಳು. ರಸ್ತೆಯೇ ಬೇಡ, ಕಾಡುದಾರಿಯಲ್ಲೇ ನಡೆಸೋಣ ಎಂದು 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಶುರುವಾದದ್ದು ಎಕ್ಸ್‌ಟೆರಾ. ಸಮುದ್ರ ಅಥವಾ ಕೆರೆಯಲ್ಲಿ ಒಂದೂವರೆ ಕಿಲೋಮೀಟರ್ ಈಜು, ಗುಡ್ಡಗಾಡಿನಲ್ಲಿ ಸುಮಾರು 30 ಕಿಲೋಮೀಟರ್ ಸೈಕಲ್, ಕಾಲುದಾರಿಯಲ್ಲಿ ಸುಮಾರು 10 ಕಿಲೋಮೀಟರ್ ಓಟ. ನೆಲ ಇದ್ದ ಹಾಗೆ ಈ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ. ಈಗ ಹಲವಾರು ದೇಶಗಳಲ್ಲಿ ನಡೆಯುತ್ತದೆ. ಅದರ ವಿಶ್ವ ಚಾಂಪಿಯನ್‌ಷಿಪ್ ಬಹಳ ವರ್ಷ ಮಾವಿಯಲ್ಲೇ ನಡೆದು, 2022ರಲ್ಲಿ ಇಟಲಿಯ ಬೆಟ್ಟಗಳ ನಡುವಿನ ಮೊಲ್ವೆನೊ ಕೆರೆಗೆ ಹೋಯಿತು.

ಹಣಕ್ಕಾಗಿ ಸ್ಪರ್ಧಿಸುವವರು ಇದರಲ್ಲಿ ಕೆಲವರೇ. ಉಳಿದವರೆಲ್ಲ ಮೇಷ್ಟ್ರು, ನರ್ಸು, ಬಡಗಿ, ಆಫೀಸಿನ ಗುಮಾಸ್ತೆ. ಅವರಿಗೆ ವಯಸ್ಸಿನ ಪ್ರಕಾರ ಬೇರೆ ಬೇರೆ ಗುಂಪು. ನನ್ನ ಮಗಳು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ಅವಳದು 40ರಿಂದ 44ರ ಗುಂಪು.

ನಾನು ಬೇಡವೆಂದದ್ದು

ಈಗ ನನ್ನ ಕಥೆ ಸ್ವಲ್ಪ ಹೇಳಬೇಕು.

1986ರಲ್ಲಿ ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಬ್ಯಾಂಕಿನ ಹಿಂದೆಯೇ ಕೆರೆ ಏರಿ. ಒಂದು ಮಧ್ಯಾಹ್ನ ಕ್ಯಾಷ್ ಮುಚ್ಚುವ ಹೊತ್ತಿಗೆ ಹೊರಗೆ ಗಲಾಟೆ ಕೇಳಿಸಿತು. ನಮಗೆ ಹಾಲು ತಂದುಕೊಡುತ್ತಿದ್ದವರ ಮಗ, ಹತ್ತು ವರ್ಷದ ಹುಡುಗ, ಎಮ್ಮೆ ಮೈ ತೊಳೆಯಲು ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಿದವರಲ್ಲಿ ನಾನೂ ಒಬ್ಬ.

ನನ್ನ ಮಗಳಿಗೂ ಆಗ ಹತ್ತು ವರ್ಷ. ಗಂಡುಮಕ್ಕಳ ಜೊತೆ ಕೆರೆಗೆ ಹೋಗಿ ಈಜು ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಅಂದು ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಇನ್ನು ಕೆರೆಯ ಹೆಸರೆತ್ತಿದರೆ ಕಾಲು ಮುರಿಯುತ್ತೇನೆ ಎಂದೆ. ಅವಳು ಮತ್ತೆ ಕೇಳಲಿಲ್ಲ. ನನ್ನ ಸೈಕಲ್ಲಿನಲ್ಲಿ ಕದ್ದು ಒಳಪೆಡ್ಲು ತುಳಿಯುವುದನ್ನು ಕಲಿತಿದ್ದಳು. ದೊಡ್ಡವಳಾದ ಮೇಲೆ ಅದಕ್ಕೂ ಬೇಡ ಎಂದೆ.

ಆದರೆ ಎರಡು ವರ್ಷದ ನಂತರ ಬೇಸಿಗೆ ರಜದಲ್ಲಿ ಅವಳ ತಮ್ಮನನ್ನು ಊರಿನ ಬಾವಿಗೆ ನಾನೇ ಕರೆದುಕೊಂಡು ಹೋದೆ. ಬೆನ್ನಿಗೆ ಬೆಂಡು ಕಟ್ಟಿ, ನಾನೇ ನೀರಿಗಿಳಿದು ಈಜು ಕಲಿಸಿದೆ. ಅವಳು ಬಾವಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಅದು ನನಗೆ ತಪ್ಪು ಎಂದು ಆಗ ಅನಿಸಲೇ ಇಲ್ಲ.

ಮಗಳು ಈಜು ಕಲಿತದ್ದು 37ನೇ ವಯಸ್ಸಿನಲ್ಲಿ. ಮಗನನ್ನು ಈಜುಕೊಳದ ತರಗತಿಗೆ ಸೇರಿಸಿ ದಂಡೆಯಲ್ಲಿ ಕೂತಿದ್ದಾಗ ಅವಳಿಗೆ ಒಂದು ಯೋಚನೆ ಬಂತಂತೆ. "ಇವನಿಗೆ ನೀರಲ್ಲಿ ಏನಾದರೂ ಆದರೆ ನಾನು ದಡದಲ್ಲಿ ನಿಂತು ಕಿರುಚಬೇಕಷ್ಟೇ ಅಂತ ಅನ್ನಿಸ್ತು ಅಪ್ಪ. ಮಾರನೇ ವಾರ ನಾನೂ ಸೇರ್ಕೊಂಡೆ." ಫೋನಿನಲ್ಲಿ ಅವಳು ಇದನ್ನು ಹೇಳಿದಾಗ ನಾನು ಹೂಂಗುಟ್ಟಿ ಮಾತು ಬದಲಿಸಿದ್ದೆ. ಈಜಿನಿಂದ ಸೈಕಲ್ಲು, ಸೈಕಲ್ಲಿನಿಂದ ಓಟ, ಹೀಗೆ ಐದು ವರ್ಷಕ್ಕೆ ಈ ಕೆರೆಯ ದಡಕ್ಕೆ ಬಂದು ನಿಂತಿದ್ದಳು.

ನೀರಿನಲ್ಲಿ

ಕಹಳೆಯಂಥ ಸದ್ದಾಯಿತು. ಎಲ್ಲರೂ ಒಟ್ಟಿಗೆ ನೀರಿಗೆ ನುಗ್ಗಿದರು. ಮೀನು ತುಂಬಿದ ಬಲೆಯನ್ನು ಎಳೆದಾಗ ಆಗುವ ಹಾಗೆ ನೀರೆಲ್ಲ ಪಟಪಟ ಎಂದಿತು. ದೂರದಲ್ಲಿ ತೇಲುತ್ತಿದ್ದ ದೊಡ್ಡ ಬಣ್ಣದ ಬುಡ್ಡೆಗಳನ್ನು ಸುತ್ತಿ ಅವರು ವಾಪಸು ಬರಬೇಕು. ಅಕ್ಕಪಕ್ಕದಲ್ಲಿ ಕಯಾಕ್ ಎಂಬ ಕಿರುದೋಣಿಗಳಲ್ಲಿ ಕಾವಲಿನವರು.

ಆ ಕಪ್ಪು ಉಡುಪು ಚಳಿ ತಡೆಯುವುದಕ್ಕೆ. ಅದರೊಳಗೆ ಸೇರಿದ ತೆಳುವಾದ ನೀರಿನ ಪದರ ಮೈಯ ಶಾಖಕ್ಕೆ ಬೆಚ್ಚಗಾಗಿ ನಿಲ್ಲುತ್ತದೆ. ಜೊತೆಗೆ ಆ ರಬ್ಬರು ದೇಹವನ್ನು ಸ್ವಲ್ಪ ತೇಲಿಸುತ್ತದೆ ಕೂಡ. ನಮ್ಮ ಬೆಂಡಿನ ಹಾಗೆ ಎಂದು ನನ್ನಾಕೆಗೆ ವಿವರಿಸಿ ಧೈರ್ಯ ಹೇಳಿದೆ. ನನಗೆ ಧೈರ್ಯ ಇರಲಿಲ್ಲ.

ಮುನ್ನೂರು ಅಡಿ ಆಚೆ ಒಬ್ಬರು ಗುಂಪಿನಿಂದ ಹಿಂದುಳಿದರು. ಕೈ ಮೇಲೆತ್ತಿದರು. ಕಯಾಕ್ ಹತ್ತಿರ ಹೋಯಿತು. ಅದರ ಮೂತಿ ಹಿಡಿದು ತೇಲುತ್ತಾ ನಿಂತುಬಿಟ್ಟರು. ಮೊಮ್ಮಗ ನನ್ನ ಕೈ ಬಿಗಿಯಾಗಿ ಹಿಡಿದ. "ಅಮ್ಮ ಅಲ್ಲ ಅಲ್ವಾ ತಾತ?" ನಾನು "ಅಲ್ಲ ಪುಟ್ಟ" ಎಂದೆ. ಸುಳ್ಳೋ ನಿಜವೋ ನನಗೇ ಗೊತ್ತಿರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ನೀಲಿ ಕೆರೆಯಲ್ಲ, ಬ್ಯಾಂಕಿನ ಹಿಂದಿನ ಕೆರೆ.

ಸ್ವಲ್ಪ ಹೊತ್ತಿಗೆ ಆ ವ್ಯಕ್ತಿ ಕಯಾಕ್ ಬಿಟ್ಟು ಮತ್ತೆ ಈಜತೊಡಗಿದರು. ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದಂತೆ. ಅದನ್ನು ಹಿಡಿದು ಮುಂದೆ ಸಾಗುವಂತಿಲ್ಲ, ಅಷ್ಟೇ.

ಆ ವ್ಯಕ್ತಿ ನನ್ನ ಮಗಳೇ. ಇದು ತಿಳಿದದ್ದು ಸಂಜೆ. ಯಾರದೋ ಕಾಲು ತಗುಲಿ ಕನ್ನಡಕ ಸರಿದು, ನೀರು ಕುಡಿದು, ಉಸಿರು ಸಿಕ್ಕಿಕೊಂಡಿತ್ತಂತೆ. "ಹೆದರಿಕೆ ಆಯ್ತು ಅಪ್ಪ. ಕಯಾಕ್ ಹಿಡ್ಕೊಂಡು, ನೀನು ನೋಟಿನ ಕಟ್ಟು ಎಣಿಸೋ ಥರ ಒಂದರಿಂದ ನೂರರ ತನಕ ಎಣಿಸಿದೆ. ನೂರು ಮುಗಿಯೋ ಹೊತ್ತಿಗೆ ಉಸಿರು ಸರಿಹೋಯ್ತು."

ನೀರಿನಿಂದ ಎದ್ದು ಬಂದ ಕೊನೆಯ ಹತ್ತು ಜನರಲ್ಲಿ ಅವಳಿದ್ದಳು. ಮೊಮ್ಮಗ ಟವೆಲ್ ಹಿಡಿದು ಓಡಿದ. ಕಾವಲಿನ ಹೆಂಗಸೊಬ್ಬರು ನಗುತ್ತಲೇ ತಡೆದರು. ಹೊರಗಿನವರು ಏನೂ ಕೊಡುವಂತಿಲ್ಲ, ಟವೆಲ್ ಕೂಡ.

ಕಾಡಿನಲ್ಲಿ

ಈಜಿನಿಂದ ಸೈಕಲ್ಲಿಗೆ ಬದಲಾಗುವ ಜಾಗಕ್ಕೆ ಟ್ರಾನ್ಸಿಷನ್ ಎನ್ನುತ್ತಾರೆ. ಅಲ್ಲಿ ಸಾಲಾಗಿ ಸೈಕಲ್ ನೇತುಹಾಕಿರುತ್ತಾರೆ. ಒದ್ದೆ ಉಡುಪು ಕಿತ್ತು, ಬೂಟು ಹಾಕಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ಇಷ್ಟಕ್ಕೆಲ್ಲ ಹಿಡಿದ ಸಮಯವೂ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಕಣಕಾಲಿಗೆ ಕಟ್ಟಿದ ಪುಟ್ಟ ಪಟ್ಟಿ ಒಂದೊಂದು ಸೆಕೆಂಡನ್ನೂ ದಾಖಲಿಸುತ್ತದೆ. ನಲವತ್ತು ವರ್ಷ ಲೆಡ್ಜರ್ ಬರೆದ ನನಗೆ ಈ ಏರ್ಪಾಡು ಮೆಚ್ಚುಗೆಯಾಯಿತು.

ಸೈಕಲ್ ದಾರಿ ಇದ್ದದ್ದು ಪಕ್ಕದ ವಾಕರೆವರೆವಾ ಕಾಡಿನಲ್ಲಿ. ಕ್ಯಾಲಿಫೋರ್ನಿಯಾದಿಂದ ತಂದು 1901ರಲ್ಲಿ ನೆಟ್ಟ ರೆಡ್‌ವುಡ್ ಮರಗಳು ಅಲ್ಲಿ ಗೋಪುರದಷ್ಟು ಎತ್ತರ ಬೆಳೆದಿವೆ. ಕೆಳಗೆ ನಮ್ಮ ಅಡಿಕೆ ಮರದಂತೆ ಕಾಂಡವಿರುವ ಜರೀಗಿಡಗಳು. ಗುಡ್ಡದ ಸೈಕಲ್ಲಿಗೆಂದೇ ನೂರು ಕಿಲೋಮೀಟರಿಗೂ ಹೆಚ್ಚು ಕಿರುದಾರಿಗಳಿವೆ. ದಪ್ಪ ಹಲ್ಲಿನ ಟಯರು, ಗುಂಡಿಗೆ ಬಿದ್ದರೆ ಕುಗ್ಗಿ ಏಳುವ ಮುಂಗಾಲು, ಇದು ಆ ಸೈಕಲ್ಲಿನ ಲಕ್ಷಣ. ಬೇರು, ಕಲ್ಲು, ಕೆಸರು, ತಿರುವು ಎಲ್ಲದರ ಮೇಲೂ ಅದೇ ಓಡಬೇಕು.

ಅವಳು ಕಾಡಿನೊಳಗೆ ಮಾಯವಾದ ಮೇಲೆ ನಮಗೆ ಕಾಯುವ ಕೆಲಸ. ಮೊಮ್ಮಗ ಶಾಲೆಯಲ್ಲಿ ಕಲಿತ ಕಥೆ ಹೇಳಿದ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮುಖಂಡನೊಬ್ಬನ ಮಗಳು ಈ ಕೆರೆಯಲ್ಲಿ ಮೀಯುವಾಗ ಕೊರಳಲ್ಲಿದ್ದ ಪವಿತ್ರ ಹಸಿರುಕಲ್ಲಿನ ಪದಕ ಕಳೆದುಕೊಂಡಳಂತೆ. ಆ ಪದಕ 'ಟಿಕಿ', ಪವಿತ್ರವಾದದ್ದು 'ಟಾಪು'. ಅದರಿಂದ ಕೆರೆಗೆ ಟಿಕಿಟಾಪು ಎಂದು ಹೆಸರು. ಪಕ್ಕದಲ್ಲೇ ರೊಟೊಕಕಾಹಿ ಎಂಬ ಹಸಿರು ಕೆರೆ ಇದೆ. ಅದು ಮಾವೊರಿಗಳಿಗೆ ಪವಿತ್ರ. ಅಲ್ಲಿ ಯಾರೂ ಈಜುವುದಿಲ್ಲ, ದೋಣಿ ಬಿಡುವುದಿಲ್ಲ. ನಮ್ಮ ದೇವರಕಾಡುಗಳ ನೆನಪಾಯಿತು.

ಒಂದು ಗಂಟೆ, ಎರಡು ಗಂಟೆ ಆಯಿತು. ಮುಂದಿದ್ದವರು ಆಗಲೇ ಓಟ ಮುಗಿಸಿ ಬಾಳೆಹಣ್ಣು ತಿನ್ನುತ್ತಿದ್ದರು. ಸೈಕಲ್ಲಿಗೂ ಒಂದು ಗಡುವು ಇತ್ತು. ಅದರೊಳಗೆ ಬಾರದವರನ್ನು ಓಟಕ್ಕೆ ಬಿಡುವುದಿಲ್ಲ. ಅಳಿಯ ಪದೇಪದೇ ಗಡಿಯಾರ ನೋಡುತ್ತಿದ್ದರು.

ಗಡುವಿಗೆ ಆರು ನಿಮಿಷ ಇದ್ದಾಗ ಬಂದಳು. ಮಂಡಿಯಲ್ಲಿ ರಕ್ತ, ಹಣೆಯ ತನಕ ಕೆಸರು. ಇಳಿಜಾರಿನಲ್ಲಿ ಒದ್ದೆ ಬೇರಿನ ಮೇಲೆ ಚಕ್ರ ಜಾರಿ ಬಿದ್ದಿದ್ದಳು. ಚೈನು ಕಳಚಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಹಿಂದೆ ಬಂದ ವಯಸ್ಸಾದ ಗಂಡಸೊಬ್ಬರು ತಮ್ಮ ಸಮಯ ಹೋದರೂ ಸರಿಯೆಂದು ನಿಂತು, ಮೂಳೆಗೆ ಏನೂ ಆಗಿಲ್ಲ ತಾನೇ ಎಂದು ವಿಚಾರಿಸಿ ಹೋದರಂತೆ. ಚೈನನ್ನು ಇವಳೇ ಬಿಡಿಸಿ ಹಾಕಿಕೊಂಡಳು. ಕದ್ದು ಓಡಿಸುತ್ತಿದ್ದ ನನ್ನ ಸೈಕಲ್ಲಿನ ಚೈನು ಎಷ್ಟೋ ಸಲ ಕಳಚುತ್ತಿತ್ತು. ಆಗಲೂ ಇವಳೇ ಹಾಕಿ, ಕೈಯ ಎಣ್ಣೆಯನ್ನು ಲಂಗಕ್ಕೆ ಒರೆಸಿ ಬೈಸಿಕೊಳ್ಳುತ್ತಿದ್ದಳು.

ಕೊನೆಯ ಸುತ್ತು

ಉಳಿದದ್ದು ಓಟ. ಗುಡ್ಡ ಹತ್ತಿ ಇಳಿದು, ಕೆರೆಯ ಅಂಚಿನ ಕಾಲುದಾರಿಯಲ್ಲಿ ಬರಬೇಕು. ಸೈಕಲ್ ಇಳಿದ ತಕ್ಷಣ ಕಾಲು ಮರದ ಕೊರಡಿನಂತಾಗಿ ಹೆಜ್ಜೆಯೇ ಬರುವುದಿಲ್ಲವಂತೆ. ಏರಿನಲ್ಲಿ ನಡೆದಳು, ಇಳಿಜಾರಿನಲ್ಲಿ ಓಡಿದಳು. ಅದಕ್ಕೆ ಯಾರೂ ನಗಲಿಲ್ಲ. ಗೆದ್ದು ಪದಕ ಹಾಕಿಕೊಂಡವರೂ ದಾರಿಯ ಪಕ್ಕ ನಿಂತು ಕೊನೆಯವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಶಾಲೆಯ ಆಟೋಟಗಳಲ್ಲಿ ಮೂರನೆಯವನು ಬಂದ ಮೇಲೆ ಯಾರೂ ಗೆರೆಯ ಕಡೆ ನೋಡುತ್ತಿರಲಿಲ್ಲ.

4 ಗಂಟೆ 51 ನಿಮಿಷಕ್ಕೆ ಗೆರೆ ದಾಟಿದಳು. ಅವಳ ಹಿಂದೆ ಇದ್ದವರು ಮೂರೇ ಜನ. ಮೊಮ್ಮಗ ಹಾರಿ ಅಪ್ಪಿಕೊಂಡ. ನನ್ನಾಕೆ ಕೆಸರನ್ನೂ ಲೆಕ್ಕಿಸದೆ ಸೆರಗಿನಲ್ಲಿ ಮುಖ ಒರೆಸಿ, ಅಲ್ಲೇ ಹುಲ್ಲಿನ ಮೇಲೆ ಕೂರಿಸಿ ಚಿತ್ರಾನ್ನದ ತುತ್ತು ಬಾಯಿಗಿಟ್ಟಳು.

ಸಂಜೆ ಅವಳ ಮಂಡಿಗೆ ಅರಿಸಿನ ಹಚ್ಚುತ್ತಾ, ಹೇಳಲೋ ಬೇಡವೋ ಎಂದು ಯೋಚಿಸಿ ಕೊನೆಗೆ ಹೇಳಿದೆ: "ನಿನಗೂ ನಾನೇ ಕಲಿಸಬಹುದಿತ್ತು. ಬಾವಿಗೆ ನಿನ್ನನ್ನೂ ಇಳಿಸಬಹುದಿತ್ತು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಹುಡುಗನ್ನ ನೀನು ಎತ್ತಿದ್ದು ನನಗೆ ಗೊತ್ತಿತ್ತು ಅಪ್ಪ. ಅದಕ್ಕೇ ಮತ್ತೆ ಕೇಳಲಿಲ್ಲ. ತಮ್ಮನ್ನ ಕರ್ಕೊಂಡು ಹೋದಾಗ ಮಾತ್ರ ಬೇಜಾರಾಗಿತ್ತು" ಎಂದಳು.

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಈಜು ಬಾರದೆ ಮುಳುಗಿದ ಹುಡುಗನನ್ನು ಈ ಕೈಯಲ್ಲೇ ಎತ್ತಿದ್ದೆ. ಅದನ್ನು ಕಂಡ ಮೇಲೂ ಈಜು ಬಲ್ಲ ನಾನು ಮಗಳಿಗೆ ಕಲಿಸದೆ ಉಳಿದಿದ್ದೆ. ಭಯಪಟ್ಟದ್ದು ತಪ್ಪಲ್ಲ. ಆ ಭಯದಿಂದ ಮಾಡಿದ್ದು ತಪ್ಪು.

ಈ ಬರಹ ಓದುವ ಮಕ್ಕಳಿಗೆ ಒಂದು ಮಾತು. ಕೆರೆ, ಕಾಲುವೆ, ಕಲ್ಲುಕ್ವಾರಿಯ ಹೊಂಡಗಳಿಗೆ ನೀವಾಗಿ ಇಳಿಯಬೇಡಿ. ನನ್ನ ಮಗಳು ಕೊಳದಲ್ಲಿ ಗುರುಗಳ ಎದುರಿಗೆ ಐದು ವರ್ಷ ಕಲಿತು, ಕಾವಲು ದೋಣಿಗಳ ನಡುವೆ ಇಳಿದವಳು. ದೊಡ್ಡವರಿಗೂ ಒಂದು ಮಾತು. ಬೇಡ ಎಂದು ಹೇಳಿ ಸುಮ್ಮನಾಗಬೇಡಿ. ಹೆಣ್ಣಾಗಲಿ ಗಂಡಾಗಲಿ, ಈಜು ಕಲಿಸಿ.

ಮೈಸೂರಿನಲ್ಲಿರುವ ಮಗನ ಮಗಳಿಗೆ ಈಗ ಹತ್ತು ವರ್ಷ. ಪ್ರತಿ ಶನಿವಾರ ಬೆಳಿಗ್ಗೆ ಅವಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅವಳು ತಲೆ ಮುಳುಗಿಸಿದಾಗಲೆಲ್ಲ ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ. ಟವೆಲ್ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿರುತ್ತೇನೆ. ಇಲ್ಲಿ ಟವೆಲ್ ಕೊಡಬೇಡಿ ಎಂದು ತಡೆಯುವವರು ಯಾರೂ ಇಲ್ಲ.