ಮುಚ್ಚಿಡಬೇಕೆ, ಮುಂದೆ ಓದಬೇಕೆ?

ದಪ್ಪ ಕಾದಂಬರಿಯೊಂದರ ನೂರಿಪ್ಪತ್ತನೆಯ ಪುಟದಲ್ಲಿ ಹಳೆಯ ಬಸ್ ಟಿಕೆಟ್ಟೊಂದು ಗುರುತಾಗಿ ಕುಳಿತು ತಿಂಗಳಾಗಿರುತ್ತದೆ. ಪುಸ್ತಕ ಹಾಸಿಗೆಯ ಪಕ್ಕದಿಂದ ಮೇಜಿಗೆ, ಮೇಜಿನಿಂದ ಕಪಾಟಿಗೆ ಸರಿದಿರುತ್ತದೆ. ಓದುಗ ಅದನ್ನು ಬಿಟ್ಟಿಲ್ಲ, ಓದುತ್ತಲೂ ಇಲ್ಲ. ಬೇರೆ ಪುಸ್ತಕ ಕೈಗೆತ್ತಿಕೊಂಡರೆ ಹಳೆಯ ಸಾಲ ತೀರಿಸದೆ ಹೊಸ ಸಾಲ ಮಾಡಿದಂತೆ ಅಳುಕು. ಹೀಗೆ ಒಂದು ಪುಸ್ತಕದ ದೆಸೆಯಿಂದ ಓದುವ ಅಭ್ಯಾಸವೇ ತಪ್ಪಿಹೋದವರು ಅಪರೂಪವೇನಲ್ಲ.

ಅರ್ಧಕ್ಕೆ ನಿಂತ ಪುಸ್ತಕಗಳ ಸಾಲಿನಲ್ಲಿ ಫ್ಯಾಂಟಸಿ ಕಾದಂಬರಿಗಳು ಎದ್ದು ಕಾಣುತ್ತವೆ. ಸಾಮಾಜಿಕ ಕಾದಂಬರಿಯ ಮನೆ, ಬೀದಿ, ನೆಂಟಸ್ತಿಕೆಗಳು ಓದುಗನಿಗೆ ಮೊದಲೇ ಗೊತ್ತಿರುತ್ತವೆ. ಫ್ಯಾಂಟಸಿಯಲ್ಲಿ ಭೂಪಟ ಹೊಸದು, ದೇವತೆಗಳು ಹೊಸಬರು, ಕಾಲಗಣನೆಯೂ ಬೇರೆ. ಕಥೆಯನ್ನು ಓದುವ ಮೊದಲು ಒಂದು ಲೋಕವನ್ನೇ ಕಲಿಯಬೇಕು. ಆ ಕಲಿಕೆಯ ಶ್ರಮ ಎಲ್ಲಿಯವರೆಗೆ ಸಾರ್ಥಕ, ಎಲ್ಲಿಂದಾಚೆಗೆ ವ್ಯರ್ಥ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಕೆನಡಾದ ಲೇಖಕ ಸ್ಟೀವನ್ ಎರಿಕ್ಸನ್ ಬರೆದ 'ಗಾರ್ಡನ್ಸ್ ಆಫ್ ದಿ ಮೂನ್'. 1999ರಲ್ಲಿ ಪ್ರಕಟವಾದ ಇದು 'ಮಲಾಜನ್ ಬುಕ್ ಆಫ್ ದಿ ಫಾಲನ್' ಎಂಬ ಹತ್ತು ಸಂಪುಟಗಳ ಮಾಲೆಯ ಮೊದಲ ಪುಸ್ತಕ. ಆರಂಭದಲ್ಲಿ ಬಾಲಕನೊಬ್ಬ ಕೋಟೆಯ ಮೇಲೆ ನಿಂತು ನಗರದ ಒಂದು ಭಾಗ ಉರಿಯುವುದನ್ನು ನೋಡುತ್ತಾನೆ. ಕೆಲವೇ ಪುಟಗಳಲ್ಲಿ ಏಳು ವರ್ಷ ಕಳೆದು, ಕಥೆ ಮೀನುಗಾರರ ಹುಡುಗಿಯೊಬ್ಬಳ ಕಡೆಗೆ ಹೊರಳುತ್ತದೆ. ಮುಂದಿನ ಅಧ್ಯಾಯದಲ್ಲಿ ಮತ್ತೊಂದು ಖಂಡ, ಮುತ್ತಿಗೆಗೊಳಗಾದ ಒಂದು ನಗರ, ಅದರ ಮೇಲೆ ಆಕಾಶದಲ್ಲಿ ತೇಲುವ ಬೆಟ್ಟ, ಮಾಂತ್ರಿಕರ ಘೋರ ಕದನ. ಯಾರು ಯಾರ ಮೇಲೆ, ಏಕೆ ಯುದ್ಧ ಮಾಡುತ್ತಿದ್ದಾರೆಂದು ಯಾರೂ ವಿವರಿಸುವುದಿಲ್ಲ. ಪುಸ್ತಕದ ಮೊದಲಲ್ಲಿ ಪಾತ್ರಗಳ ಉದ್ದನೆಯ ಪಟ್ಟಿ, ಕೊನೆಯಲ್ಲಿ ಪದಕೋಶ ಇವೆಯೆಂಬುದೇ ಮುಂದಿನ ದಾರಿಯ ಸೂಚನೆ.

ಇದು ಲೇಖಕನ ಅಚಾತುರ್ಯವಲ್ಲ. ಎರಿಕ್ಸನ್ ಪುರಾತತ್ವ ಹಾಗೂ ಮಾನವಶಾಸ್ತ್ರಗಳಲ್ಲಿ ತರಬೇತಿ ಪಡೆದವರು. 1982ರಲ್ಲಿ ಗೆಳೆಯ ಇಯಾನ್ ಕ್ಯಾಮರನ್ ಎಸಲ್ಮಾಂಟ್ ಅವರೊಡನೆ ಸೇರಿ, ಪಾತ್ರ ವಹಿಸಿ ಆಡುವ ಆಟವೊಂದಕ್ಕಾಗಿ ಈ ಲೋಕವನ್ನು ಕಟ್ಟಿದರು. ಉತ್ಖನನಕ್ಕೆ ಇಳಿದವನಿಗೆ ಮೊದಲು ಸಿಗುವುದು ಮಡಕೆಯ ಚೂರುಗಳೇ ಹೊರತು ಇಡೀ ಮಡಕೆಯಲ್ಲ. ಓದುಗನಿಗೂ ಇಲ್ಲಿ ಚೂರುಗಳೇ ಸಿಗುತ್ತವೆ. ಜೋಡಿಸುವುದು ಅವನ ಕೆಲಸ. ಅನೇಕರು ಈ ಪುಸ್ತಕದ ಮೊದಲ ಮೂರನೆಯ ಒಂದು ಭಾಗದಲ್ಲೇ ಮಾಲೆಯನ್ನು ಕೈಬಿಡುತ್ತಾರೆಂಬುದು ಲೇಖಕರಿಗೂ ಗೊತ್ತು. ನಂತರದ ಆವೃತ್ತಿಯೊಂದರ ಮುನ್ನುಡಿಯಲ್ಲಿ ಅದನ್ನವರು ಒಪ್ಪಿಕೊಂಡಿದ್ದಾರೆ, ಆದರೆ ಆರಂಭವನ್ನು ಸುಲಭಗೊಳಿಸಲು ಹೋಗಿಲ್ಲ.

ಓದುಗನ ಕಡೆಯಿಂದ ನೋಡಿದರೆ ಪಣ ಸಣ್ಣದಲ್ಲ. 2011ರಲ್ಲಿ ಮುಗಿದ ಈ ಮಾಲೆಯಲ್ಲಿ 30 ಲಕ್ಷಕ್ಕೂ ಹೆಚ್ಚು ಪದಗಳಿವೆ. ನಿಮಿಷಕ್ಕೆ 250 ಪದಗಳಂತೆ ಓದಿದರೂ 200 ಗಂಟೆ ಬೇಕು. ದಿನಕ್ಕೊಂದು ಗಂಟೆಯಂತೆ ಆರೂವರೆ ತಿಂಗಳು. ಎರಡನೆಯ ಸಂಪುಟ ಬೇರೊಂದು ಖಂಡಕ್ಕೆ ಹೋಗಿ ಬಹುಪಾಲು ಹೊಸ ಪಾತ್ರಗಳನ್ನು ತರುತ್ತದೆ. ಐದನೆಯದು ಮತ್ತೊಮ್ಮೆ ಹಾಗೆಯೇ ಮಾಡುತ್ತದೆ. ಆದ್ದರಿಂದ 'ಇನ್ನು ಸ್ವಲ್ಪ ತಾಳು, ಎಲ್ಲ ತಿಳಿಯುತ್ತದೆ' ಎಂಬ ಗೆಳೆಯರ ಸಲಹೆಯನ್ನು ಕುರುಡಾಗಿ ನಂಬುವಂತೆಯೂ ಇಲ್ಲ.

ತಿಳಿಯದಿರುವುದು ಓದುಗನ ದಡ್ಡತನವಂತೂ ಅಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಅವರು ಕೆಲವರಿಗೆ ಒಂದು ಸಣ್ಣ ಗದ್ಯಭಾಗವನ್ನು ಕೇಳಿಸಿದರು. ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುವುದು, ಒಮ್ಮೆಗೇ ಹೆಚ್ಚು ಹಾಕದಿರುವುದು ಇತ್ಯಾದಿ ಅದರಲ್ಲಿತ್ತು. ಒಂದೂ ಕಠಿಣ ಪದವಿಲ್ಲದಿದ್ದರೂ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ಇದು ಬಟ್ಟೆ ಒಗೆಯುವ ವಿಷಯ ಎಂದು ಮೊದಲೇ ತಿಳಿಸಿದ್ದ ಗುಂಪಿನವರು ಮಾತ್ರ ಉಳಿದವರಿಗಿಂತ ಸುಮಾರು ಎರಡು ಪಟ್ಟು ಅಂಶಗಳನ್ನು ನೆನಪಿಟ್ಟುಕೊಂಡಿದ್ದರು. ಕೇಳಿಸಿದ ಬಳಿಕ ವಿಷಯ ತಿಳಿಸಿದ ಗುಂಪಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಹೊಸ ವಿವರಗಳು ಮನಸ್ಸಿನಲ್ಲಿ ನಿಲ್ಲಬೇಕಾದರೆ ಅವುಗಳನ್ನು ತೂಗುಹಾಕಲು ಮೊದಲೇ ಒಂದು ಗೂಟ ಇರಬೇಕು. ಎರಿಕ್ಸನ್ ಅವರಂಥ ಲೇಖಕರು ಬಟ್ಟೆಗಳನ್ನು ಮೊದಲು ಕೊಡುತ್ತಾರೆ, ಗೂಟವನ್ನು ಮುನ್ನೂರು ಪುಟಗಳ ನಂತರ ಹೊಡೆಯುತ್ತಾರೆ.

ಕನ್ನಡದ ಓದುಗ ಇದನ್ನು ತನ್ನ ಅನುಭವದಿಂದಲೇ ಪರೀಕ್ಷಿಸಬಹುದು. ವಿರಾಟಪರ್ವದಲ್ಲಿ ಅರ್ಜುನ ತಾನಾರೆಂದು ಉತ್ತರನಿಗೆ ತೋರಿಸಿಕೊಡಲು ತನ್ನ ಹತ್ತು ಹೆಸರುಗಳನ್ನು ಹೇಳುತ್ತಾನೆ. ಪಾರ್ಥ, ಕೌಂತೇಯ ಎಂಬಂಥವನ್ನೂ ಸೇರಿಸಿದರೆ ಪಟ್ಟಿ ಇನ್ನೂ ಬೆಳೆಯುತ್ತದೆ. ಆದರೂ ಫಲ್ಗುಣ ಬೇರೆ, ಕಿರೀಟಿ ಬೇರೆ ಎಂದು ಇಲ್ಲಿ ಯಾರೂ ಗೊಂದಲಪಡುವುದಿಲ್ಲ. ಅಜ್ಜಿಯ ಬಾಯಿಂದಲೋ, ಯಕ್ಷಗಾನದಿಂದಲೋ, ಹರಿಕಥೆಯಿಂದಲೋ ಗೂಟ ಬಾಲ್ಯದಲ್ಲೇ ನೆಟ್ಟಿರುತ್ತದೆ. ಮಹಾಭಾರತವನ್ನು ಮೊದಲ ಬಾರಿಗೆ ಅನುವಾದದಲ್ಲಿ ಹಿಡಿದ ವಿದೇಶೀಯನಿಗೆ ಆದಿಪರ್ವದ ವಂಶಾವಳಿ ಹೇಗೆ ಕಾಣುತ್ತದೆಯೋ, ಮಲಾಜನ್‌ನ ಮೊದಲ ಪುಟಗಳು ಎಲ್ಲರಿಗೂ ಹಾಗೆಯೇ ಕಾಣುತ್ತವೆ.

ಹಾಗಿದ್ದರೆ ಬಿಡಬೇಕೆ, ಬಿಡಬಾರದೆ? ಓದು ಎಲ್ಲಿ ನಿಂತಿತು ಎಂಬುದಕ್ಕಿಂತ ಏಕೆ ನಿಂತಿತು ಎಂದು ಕೇಳಿಕೊಳ್ಳುವುದು ಮೇಲು. ಅಪರಿಚಿತತೆಯೇ ಕಾರಣವಾಗಿದ್ದರೆ ಅದಕ್ಕೆ ಮದ್ದುಂಟು. ನೂರು ಹೆಸರುಗಳಲ್ಲಿ ತೊಂಬತ್ತನ್ನು ಸದ್ಯಕ್ಕೆ ಮರೆತು ಐದಾರು ಜನರನ್ನು ಮಾತ್ರ ಹಿಂಬಾಲಿಸುವುದು, ಅಧ್ಯಾಯ ಮುಗಿದಾಗ ಯಾರು ಎಲ್ಲಿದ್ದಾರೆಂದು ಎರಡು ಸಾಲು ಬರೆದಿಡುವುದು, ವಾರಕ್ಕೊಮ್ಮೆ ಹತ್ತು ಪುಟ ಓದುವ ಬದಲು ರಜೆಯ ಒಂದು ದಿನ ನೂರು ಪುಟ ಓದುವುದು ಇಂಥ ಪುಸ್ತಕಕ್ಕೆ ಹೊಂದುವ ಕ್ರಮಗಳು. ಒಂದು ಪರೀಕ್ಷೆಯೂ ಇದೆ. ಏನೂ ಪೂರ್ತಿ ತಿಳಿಯದಿದ್ದರೂ ಒಂದಾದರೂ ಪಾತ್ರ ಮುಂದೇನಾಯಿತೋ ಎಂದು ಅಡುಗೆಮನೆಯಲ್ಲೋ ಬಸ್ಸಿನಲ್ಲೋ ನೆನಪಿಗೆ ಬಂದರೆ ಪುಸ್ತಕ ಹಿಡಿತ ಸಾಧಿಸಿದೆಯೆಂದೇ ಅರ್ಥ. ಎಲ್ಲವೂ ತಿಳಿದು ಯಾರ ಗತಿಯೂ ಕಾಡದಿದ್ದರೆ ತಾಳ್ಮೆಯಿಂದ ಲಾಭವಿಲ್ಲ.

ಎರಡನೆಯ ಬಗೆಯ ತಡೆ ಸಡಿಲತೆಯದು. ರಾಬರ್ಟ್ ಜೋರ್ಡಾನ್ ಅವರ 'ದಿ ವೀಲ್ ಆಫ್ ಟೈಮ್' ಮಾಲೆ 1990ರಲ್ಲಿ ಆರಂಭವಾಯಿತು. 2003ರ ಹತ್ತನೆಯ ಸಂಪುಟ ಹೊರಬಂದಾಗ ಅಭಿಮಾನಿಗಳೇ ಗೊಣಗಿದರು. ಹಿಂದಿನ ಸಂಪುಟದ ಕೊನೆಗೆ ನಡೆದ ಮಹಾಘಟನೆಯ ಹೊತ್ತಿನಲ್ಲಿ ಉಳಿದ ಪಾತ್ರಗಳು ಎಲ್ಲೆಲ್ಲಿದ್ದರೆಂದು ಹೇಳುವುದರಲ್ಲೇ ಅದರ ಬಹುಭಾಗ ಕಳೆದುಹೋಗಿತ್ತು. ಅಲ್ಲಿ ಎಲ್ಲರೂ ಪರಿಚಿತರೇ, ಆದರೆ ಕಥೆ ಕದಲುವುದಿಲ್ಲ. 2007ರಲ್ಲಿ ಜೋರ್ಡಾನ್ ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್‌ಸನ್ 2013ರಲ್ಲಿ ಹದಿನಾಲ್ಕನೆಯ ಸಂಪುಟದೊಂದಿಗೆ ಮಾಲೆಯನ್ನು ಮುಗಿಸಿದರು. ಇಂಥ ಕಡೆ ಪುಟ ಹಾರಿಸಿ ಮುಂದೆ ಹೋಗುವುದು ಅಪಚಾರವಲ್ಲ. ಫ್ರೆಂಚ್ ಲೇಖಕ, ಶಾಲಾ ಶಿಕ್ಷಕರಾಗಿದ್ದ ಡೇನಿಯಲ್ ಪೆನಾಕ್ 1992ರಲ್ಲಿ ಓದುಗನ ಹತ್ತು ಹಕ್ಕುಗಳ ಪಟ್ಟಿ ಮಾಡಿದಾಗ ಪುಟ ಹಾರಿಸುವುದಕ್ಕೆ ಎರಡನೆಯ, ಪುಸ್ತಕ ಮುಗಿಸದಿರುವುದಕ್ಕೆ ಮೂರನೆಯ ಸ್ಥಾನ ಕೊಟ್ಟರು. ಮಲಾಜನ್‌ನಲ್ಲಿ ಮಾತ್ರ ಹಾರಿಸಿದ ಪುಟದಲ್ಲೇ ಗೂಟ ಇದ್ದೀತು. ಅಲ್ಲಿ ಈ ಉಪಾಯ ತಿರುಗುಬಾಣವಾಗುತ್ತದೆ.

ಮೂರನೆಯದು ಬರಿಯ ಅಭಿರುಚಿಯ ಮಾತು. ಟೋಲ್ಕಿನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುತ್ತಿದ್ದಾಗ ಅದರ ಭಾಗಗಳನ್ನು ಆಕ್ಸ್‌ಫರ್ಡಿನ 'ಇಂಕ್ಲಿಂಗ್ಸ್' ಗೆಳೆಯರ ಕೂಟದಲ್ಲಿ ಓದಲಾಗುತ್ತಿತ್ತು. ಸಿ.ಎಸ್. ಲೂಯಿಸ್ ಅದನ್ನು ಮನಸಾರೆ ಮೆಚ್ಚಿದರು. ಅದೇ ಕೂಟದ ಹ್ಯೂಗೋ ಡೈಸನ್‌ಗೆ ಅದು ಎಷ್ಟು ಬೇಸರ ತಂದಿತೆಂದರೆ, ಕೊನೆಗೆ ಅವರು ಇದ್ದಾಗ ಓದನ್ನೇ ನಿಲ್ಲಿಸಬೇಕಾಯಿತು. ಡೈಸನ್ ಸಾಹಿತ್ಯದ ಅಧ್ಯಾಪಕರು, ಟೋಲ್ಕಿನ್ನರ ಆಪ್ತರು. ಗ್ರಹಣಶಕ್ತಿಯ ಕೊರತೆಯಂತೂ ಇರಲಿಲ್ಲ. ಇನ್ನೊಂದು ಕಡೆ ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ ಅದೇ ಕೃತಿಯನ್ನು ಏಳು ವರ್ಷದ ಮಗಳಿಗಾಗಿ ಪೂರ್ತಿ ಗಟ್ಟಿಯಾಗಿ ಓದಿದರು. ಆಮೇಲೆ 1956ರಲ್ಲಿ ಅದನ್ನು ಕಟುವಾಗಿ ಟೀಕಿಸಿದರು. ಕೊನೆಯ ಪುಟ ಮುಟ್ಟಿದವನಿಗೆ ಮೆಚ್ಚುಗೆ ತಾನಾಗಿ ಬರುತ್ತದೆಂಬ ಭರವಸೆಯಿಲ್ಲ.

ಈ ಮೂರರ ಜೊತೆಗೆ ತೀರ್ಮಾನವನ್ನು ಕೆಡಿಸುವ ಮತ್ತೊಂದು ಸಂಗತಿಯಿದೆ: 'ಇಷ್ಟು ಓದಿಬಿಟ್ಟಿದ್ದೇನಲ್ಲ' ಎಂಬ ಯೋಚನೆ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯವೊಂದರ ನಾಟಕೋತ್ಸವಕ್ಕೆ ಇಡೀ ಋತುವಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ಣ ಬೆಲೆ 15 ಡಾಲರ್ ಹಾಕಿ, ಕೆಲವರಿಗೆ 2, ಕೆಲವರಿಗೆ 7 ಡಾಲರ್ ರಿಯಾಯಿತಿ ಕೊಟ್ಟರು. ನಾಟಕಗಳು ಅವೇ. ಆದರೂ ಪೂರ್ಣ ಬೆಲೆ ತೆತ್ತವರು ಋತುವಿನ ಮೊದಲ ಅರ್ಧದಲ್ಲಿ ಉಳಿದವರಿಗಿಂತ ಹೆಚ್ಚು ನಾಟಕಗಳಿಗೆ ಹೋದರು. ನಂತರ ಆ ಅಂತರ ಉಳಿಯಲಿಲ್ಲ. ಕೊಟ್ಟ ಹಣ ಎರಡೂ ಸಂದರ್ಭದಲ್ಲಿ ಹಿಂದಿರುಗುವುದಿಲ್ಲ, ಆದರೆ ಅದು ಕಾಲನ್ನು ಎಳೆಯುತ್ತದೆ. ಓದಿದ ಮುನ್ನೂರು ಪುಟಗಳ ವಿಷಯವೂ ಅಷ್ಟೇ. ಲೆಕ್ಕಕ್ಕೆ ಬರಬೇಕಾದ್ದು ಉಳಿದ ಪುಟಗಳು ಮಾತ್ರ.

ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದಾರೆ. ಐವತ್ತು ವರ್ಷದೊಳಗಿನವರು ಐವತ್ತು ಪುಟ ಓದಿ ನಿರ್ಧರಿಸಬೇಕು. ಮೀರಿದವರು ನೂರರಿಂದ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಓದಿದರೆ ಸಾಕು. ಎಪ್ಪತ್ತರವರಿಗೆ ಮೂವತ್ತೇ ಪುಟ. ವಯಸ್ಸಾದಂತೆ ಉಳಿದ ಓದಿನ ದಿನಗಳು ಕಡಿಮೆಯಾಗುತ್ತವೆ ಎಂಬ ತಿಳಿವು ಈ ಲೆಕ್ಕದ ಹಿಂದಿದೆ. ಆದರೆ ಆರುನೂರು ಪುಟ ಮೀರಿದ 'ಗಾರ್ಡನ್ಸ್ ಆಫ್ ದಿ ಮೂನ್'ಗೆ ಐವತ್ತು ಪುಟವೆಂದರೆ ಹೊಸ್ತಿಲು ಮಾತ್ರ. ಅಂಥ ಪುಸ್ತಕಕ್ಕೆ ಮೂರನೆಯ ಒಂದು ಭಾಗದವರೆಗೆ ಅವಕಾಶ ಕೊಟ್ಟು, ಅಲ್ಲಿ ಮೇಲಿನ ಪರೀಕ್ಷೆಗೆ ಒಡ್ಡುವುದು ನ್ಯಾಯ.

ಬಿಟ್ಟದ್ದೆಲ್ಲ ಶಾಶ್ವತವಾಗಿ ಬಿಟ್ಟಂತೆಯೂ ಅಲ್ಲ. ಎರಡು ವರ್ಷದ ನಂತರ ಮತ್ತೆ ತೆರೆದಾಗ ಮೊದಲ ಸಲದ ಅರೆಬರೆ ನೆನಪೇ ಗೂಟವಾಗಿ ಒದಗಬಹುದು. ಟೋಲ್ಕಿನ್ 1937ರ ಡಿಸೆಂಬರಿನಲ್ಲಿ ಆರಂಭಿಸಿದ ಮಹಾಕಾದಂಬರಿ ಮೋರಿಯಾ ಗುಹೆಗಳಲ್ಲಿ, ಬಾಲಿನ್‌ನ ಸಮಾಧಿಯ ಬಳಿ ನಿಂತುಬಿಟ್ಟಿತ್ತು. ಸುಮಾರು ಒಂದು ವರ್ಷ ಕಳೆದ ಮೇಲೆಯೇ ಮುಂದುವರಿಯಲು ಸಾಧ್ಯವಾಯಿತೆಂದು ಅವರೇ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಹೇಳಿದ್ದಾರೆ. ಅದರ ಮುಂದಿನ ಕಥೆಯೆಂದು ಆಮೇಲೆ ಅವರು ತೊಡಗಿದ 'ದಿ ನ್ಯೂ ಶ್ಯಾಡೋ' ಮಾತ್ರ ಕೆಲವು ಪುಟಗಳಿಗೇ ನಿಂತಿತು. ಬರೆಯಲು ಯೋಗ್ಯವಲ್ಲವೆನಿಸಿ ಅವರು ಅದನ್ನು ಕೈಬಿಟ್ಟರು. ಬರೆದವನಿಗೇ ಒಂದನ್ನು ತಡೆದು ಮುಂದುವರಿಸುವ, ಇನ್ನೊಂದನ್ನು ಬಿಡುವ ಸ್ವಾತಂತ್ರ್ಯ ಇದ್ದಮೇಲೆ ಓದುವವನಿಗೆ ಏಕಿರಬಾರದು? ನೂರಿಪ್ಪತ್ತನೆಯ ಪುಟದ ಬಸ್ ಟಿಕೆಟ್ಟನ್ನು ಅಲ್ಲೇ ಬಿಟ್ಟು, ಅದರ ಬೆನ್ನಿನ ಮೇಲೆ ಅಲ್ಲಿಯವರೆಗಿನ ಕಥೆಯನ್ನು ಎರಡು ಸಾಲಿನಲ್ಲಿ ಬರೆದು ಪುಸ್ತಕವನ್ನು ಕಪಾಟಿಗೆ ಸೇರಿಸಿದರಾಯಿತು. ಆ ಸಂಜೆಯೇ ಬೇರೊಂದು ಪುಸ್ತಕವನ್ನು ಅಳುಕಿಲ್ಲದೆ ತೆರೆಯಬಹುದು.