ಮುಪ್ಪು ಮತ್ತು ಮೋಟಾರು ಚಾಲನೆ

ಮೋಟಾರು ಗಾಡಿಯನ್ನು ನಡೆಸುವುದು ಕೈಕಾಲುಗಳ ಕೆಲಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಅದರಲ್ಲಿ ಹೆಚ್ಚು ದುಡಿಯುವುದು ಮೆದುಳು. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿಯು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಎದುರಿಗೆ ಮಗುವೊಂದು ಓಡಿಬಂದಿತೆನ್ನಿ. ಅದನ್ನು ಕಂಡು, ಗುರುತಿಸಿ, ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಹಿಡಿದರೆ, ಬ್ರೇಕು ತನ್ನ ಕೆಲಸವನ್ನು ಆರಂಭಿಸುವ ಮೊದಲೇ ಅಷ್ಟು ದೂರವು ಕಳೆದುಹೋಗಿರುತ್ತದೆ. ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರು. ಈ ಹೆಚ್ಚಿನ 8 ಮೀಟರುಗಳಲ್ಲಿಯೇ ಮಗುವಿನ ಅಳಿವು ಉಳಿವು ಅಡಗಿರಬಹುದು.

ಈ ವಿಳಂಬಕ್ಕೆ ಪ್ರತಿಕ್ರಿಯಾಕಾಲವೆಂದು ಹೆಸರು. ವಾಚಕರು ಇದನ್ನು ಮನೆಯಲ್ಲಿಯೇ ಅಳೆಯಬಹುದು. ಒಬ್ಬರು ಅಳತೆಪಟ್ಟಿಯನ್ನು ನೆಟ್ಟಗೆ ಹಿಡಿದು, ಮುನ್ಸೂಚನೆ ಕೊಡದೆ ಕೈಬಿಡಲಿ. ಕೆಳತುದಿಯ ಬಳಿ ಬೆರಳು ತೆರೆದು ಕಾದಿರುವ ಇನ್ನೊಬ್ಬರು ಅದನ್ನು ಹಿಡಿಯಲಿ. ಪಟ್ಟಿಯು 20 ಸೆಂಟಿಮೀಟರು ಜಾರಿದ್ದರೆ ಕಾಲವು ಸುಮಾರು 0.2 ಸೆಕೆಂಡು. ಆರೋಗ್ಯವಂತರಾದ ಅಜ್ಜನಿಗೂ ಮೊಮ್ಮಗನಿಗೂ ಇಲ್ಲಿ ಕಾಣುವ ಅಂತರವು ಸೆಕೆಂಡಿನ ಅಲ್ಪಭಾಗ ಮಾತ್ರ.

ಆದರೆ ರಸ್ತೆಯು ಇಷ್ಟು ಸರಳವಾದ ಪ್ರಶ್ನೆಯನ್ನು ಕೇಳುವುದಿಲ್ಲ. ಹಲವು ಸೂಚನೆಗಳಲ್ಲಿ ಬಂದುದು ಯಾವುದೆಂದು ತಿಳಿದು ತಕ್ಕ ಉತ್ತರವನ್ನು ಆರಿಸಬೇಕಾದಾಗ ಹೆಚ್ಚು ಕಾಲ ಹಿಡಿಯುವುದೆಂದು ಹಾಲೆಂಡಿನ ಡಾಂಡರ್ಸ್ 1868ರಲ್ಲಿ ತೋರಿಸಿದನು. ವಯಸ್ಸಿನೊಡನೆ ಮುಖ್ಯವಾಗಿ ಬೆಳೆಯುವುದು ಈ ಆಯ್ಕೆಯ ಕಾಲವೇ. ಜೊತೆಗೆ, ಏಕಕಾಲದಲ್ಲಿ ಹಲವೆಡೆ ಅವಧಾನವನ್ನು ಹಂಚುವ ಶಕ್ತಿಯೂ, ಒಂದೇ ನೋಟದಲ್ಲಿ ಅಂಚಿನ ವಸ್ತುಗಳನ್ನು ಗ್ರಹಿಸುವ ಶಕ್ತಿಯೂ ಕುಗ್ಗುತ್ತವೆ. ಕಣ್ಣಿನ ವೈದ್ಯರ ಅಕ್ಷರಪಟವನ್ನು ನಿರಾಯಾಸವಾಗಿ ಓದಬಲ್ಲವರಲ್ಲಿಯೂ ಈ ಕೊರತೆ ಇರಬಹುದು. ಏಕೆಂದರೆ ಇದು ಕಣ್ಣಿನ ದೋಷವಲ್ಲ. ನಮ್ಮ ದೇಶದಲ್ಲಿ ಬಲಕ್ಕೆ ತಿರುಗುವವನು ಎದುರಿನ ವಾಹನದ ದೂರ, ಅದರ ವೇಗ, ರಸ್ತೆ ದಾಟುತ್ತಿರುವ ಪಾದಚಾರಿ ಇವೆಲ್ಲವನ್ನೂ ಒಟ್ಟಿಗೆ ತೂಗಬೇಕು. ಎದುರು ಸಾಲನ್ನು ಸೀಳಿ ತಿರುಗುವ ಇಂತಹ ಕೂಡುರಸ್ತೆಗಳೇ ಹಿರಿಯ ಚಾಲಕರಿಗೆ ವಿಶೇಷವಾಗಿ ಅಪಾಯದ ಸ್ಥಳಗಳೆಂದು ಅನೇಕ ದೇಶಗಳ ಅನುಭವವು ತಿಳಿಸುತ್ತದೆ.

ಹಾಗೆಂದು ಮುದುಕರ ಕೈಯಿಂದ ಚಕ್ರವನ್ನು ಕಿತ್ತುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. (ಹುಡುಗರ ಆತುರವು ಮಾಡುವ ಹಾನಿಯೇನೂ ಕಡಿಮೆಯದಲ್ಲ.) ಅಮೆರಿಕದ ಸಾಲ್ಟ್‌ಹೌಸ್ ಎಂಬ ಮನೋವಿಜ್ಞಾನಿ 1984ರಲ್ಲಿ ಬೆರಳಚ್ಚುಗಾರರನ್ನು ಪರೀಕ್ಷಿಸಿದಾಗ, ಹಿರಿಯರ ಪ್ರತಿಕ್ರಿಯೆ ನಿಧಾನವಾಗಿದ್ದರೂ ಅಚ್ಚಿನ ವೇಗವು ತಗ್ಗಿರಲಿಲ್ಲ. ಅವರು ಮೂಲಪ್ರತಿಯಲ್ಲಿ ಹೆಚ್ಚು ಅಕ್ಷರಗಳಷ್ಟು ಮುಂದಕ್ಕೆ ನೋಡುತ್ತಿದ್ದರು. ಅನುಭವಿ ಚಾಲಕನೂ ಇದೇ ರೀತಿ ಮುಂದಿನದನ್ನು ಊಹಿಸಿ, ಅಂತರವನ್ನು ಬಿಟ್ಟು, ವೇಗವನ್ನು ತಗ್ಗಿಸಿ ನಡೆಯಬಲ್ಲನು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಒಂದೂವರೆ ಸೆಕೆಂಡಿಗೆ ಸಾಗುವ ದೂರವು, 60ರ ವೇಗದಲ್ಲಿ ಒಂದು ಸೆಕೆಂಡಿಗೆ ಸಾಗುವಷ್ಟೇ! ಬ್ರೇಕು ಹಾಕಿದ ಮೇಲೆ ಜಾರುವ ದೂರವಂತೂ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಈ ಉಪಾಯವೆಲ್ಲ ತನ್ನ ಕೊರತೆಯನ್ನು ಅರಿತವನಿಗೆ ಮಾತ್ರ. ಮರೆವಿನ ರೋಗವು ತಗುಲಿದರೆ ಆ ಅರಿವೇ ಮೊದಲು ಮಸುಕಾಗಬಹುದು. ಜಪಾನಿನಲ್ಲಿ 2009ರಿಂದ, 75 ದಾಟಿದವರು ಪರವಾನಗಿಯನ್ನು ನವೀಕರಿಸುವಾಗ ನೆನಪು ಮೊದಲಾದವುಗಳ ಪರೀಕ್ಷೆಗೆ ಒಳಗಾಗಬೇಕು. ನಮ್ಮಲ್ಲಿ 40 ದಾಟಿದವರು ವೈದ್ಯರ ಪ್ರಮಾಣಪತ್ರವನ್ನು ಒಪ್ಪಿಸಬೇಕಾದರೂ, ಅವಧಾನವನ್ನಾಗಲಿ ನಿರ್ಧಾರದ ವೇಗವನ್ನಾಗಲಿ ಅಳೆಯುವ ಪರೀಕ್ಷೆಯು ಅದರಲ್ಲಿ ಇಲ್ಲ. ಸದ್ಯಕ್ಕೆ ಆ ಕೆಲಸವು ಮನೆಯವರ ಪಾಲಿಗೆ ಬಿದ್ದಿದೆ: ಪರಿಚಿತವಾದ ದಾರಿ ತಪ್ಪುವುದು, ಗಾಡಿಯ ಮೈಮೇಲೆ ಹೊಸ ಗೀರುಗಳು ಕಾಣುವುದು, ಇವುಗಳನ್ನು ಮೊದಲು ಗಮನಿಸುವವರು ಅವರೇ.