ಸೀಸೆಯ ರಸ, ಡಬ್ಬಿಯ ತರಕಾರಿ

ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ರೈಲುಮಾರ್ಗವು ಚಿಕ್ಕಬಾಣಾವರದಲ್ಲಿ ಕವಲೊಡೆದು, ಒಂದು ತುಮಕೂರಿಗೂ ಇನ್ನೊಂದು ಹಾಸನಕ್ಕೂ ಸಾಗುತ್ತದೆ. ಬೆಳಗಿನ ಗಾಡಿಯಿಂದಿಳಿದು ಕಾಲೇಜಿಗೆ ಧಾವಿಸುವ ವಿದ್ಯಾರ್ಥಿಯೊಬ್ಬನು ಮನೆಯಲ್ಲಿ ಏನನ್ನೂ ತಿಂದಿಲ್ಲವೆಂದು ಭಾವಿಸೋಣ. ಅವನು ಅಂಗಡಿಯಲ್ಲಿ ಹಣ್ಣಿನ ರಸದ ಸೀಸೆಯನ್ನು ಕೊಂಡು ಕುಡಿದು, 'ಹಣ್ಣು ತಿಂದಂತಾಯಿತು' ಎಂದು ತೃಪ್ತನಾಗುತ್ತಾನೆ. ಡಬ್ಬಿಯ ಬಟಾಣಿಯನ್ನು ಕಂಡರೆ ಅವನೇ 'ಸತ್ತ್ವವಿಲ್ಲದ್ದು' ಎಂದು ಮೂಗು ಮುರಿಯುತ್ತಾನೆ. ಈ ಎರಡು ತೀರ್ಪುಗಳಲ್ಲಿ ಸತ್ಯವೆಷ್ಟು? ಪರೀಕ್ಷಿಸಿ ನೋಡೋಣ.

ಆಹಾರವನ್ನು ಪಾತ್ರೆಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಅದು ಬಹುಕಾಲ ಕೆಡುವುದಿಲ್ಲವೆಂಬುದನ್ನು ಫ್ರಾನ್ಸಿನ ನಿಕೊಲಾ ಅಪೇರನು 1810ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಏಕೆ ಕೆಡುವುದಿಲ್ಲವೆಂಬುದು ಅವನಿಗೆ ತಿಳಿದಿರಲಿಲ್ಲ. ಅದು ಸೂಕ್ಷ್ಮಜೀವಿಗಳ ಕಾರ್ಯವೆಂಬುದನ್ನು ಅರ್ಧ ಶತಮಾನದ ತರುವಾಯ ಲೂಯಿ ಪಾಸ್ತರನು ತೋರಿಸಿಕೊಟ್ಟನು. ನಮ್ಮ ದೇಶದಲ್ಲಿ ಈ ವಿದ್ಯೆಯ ಅಭ್ಯಾಸಕ್ಕೆಂದೇ 1950ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಸ್ಥಾಪಿತವಾಯಿತು.

ರಸಕ್ಕೂ ತರಕಾರಿಗೂ ಕೊಡುವ ಕಾವು ಒಂದೇ ಅಲ್ಲ. ಕಿತ್ತಳೆಯಂತಹ ಹಣ್ಣಿನ ರಸವು ಹುಳಿ. ಆ ಆಮ್ಲದಲ್ಲಿ ಅಪಾಯಕರ ಬೀಜಾಣುಗಳು ಮೊಳೆಯಲಾರವು. ಆದುದರಿಂದ ಕುದಿಯುವ ಮಟ್ಟಕ್ಕಿಂತ ಕೆಳಗಿನ ಕಾವು, ಅದೂ ಅಲ್ಪಕಾಲ, ಸಾಕು. ಬಟಾಣಿ, ಹುರುಳಿಕಾಯಿಗಳಲ್ಲಿ ಹುಳಿಯಿಲ್ಲ; ಅವನ್ನು ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು.

ಇದರ ಫಲವನ್ನು ಅಂಕಿಗಳಲ್ಲಿ ಕಾಣಬಹುದು. ಕಿತ್ತಳೆಯ ಅಪ್ಪಟ ರಸದಲ್ಲಿ, ಕಾಯಿಸಿದ ಮೇಲೂ, 100 ಮಿಲಿಲೀಟರಿಗೆ ಸುಮಾರು 30 ಮಿಲಿಗ್ರಾಂ 'ಸಿ' ಜೀವಸತ್ವವು ಉಳಿಯುತ್ತದೆ. ಹಸಿ ಬಟಾಣಿಯಲ್ಲಿರುವ ಸುಮಾರು 40 ಮಿಲಿಗ್ರಾಮಿನಲ್ಲಿ ಡಬ್ಬಿಗೆ ಸೇರಿದ ಮೇಲೆ ಉಳಿಯುವುದು ಹತ್ತರಷ್ಟು ಮಾತ್ರ. ಇಷ್ಟರಲ್ಲಿ ರಸವೇ ಗೆದ್ದಿತು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಡಬ್ಬಿಯ ಬಟಾಣಿಯ 100 ಗ್ರಾಮಿನಲ್ಲಿ ಸುಮಾರು 4 ಗ್ರಾಂ ನಾರು, ಹೆಚ್ಚುಕಡಿಮೆ ಅಷ್ಟೇ ಸಸಾರಜನಕವು ಉಳಿದಿರುತ್ತವೆ. ರಸವನ್ನು ಹಿಂಡುವಾಗ ನಾರೆಲ್ಲವೂ ಸಿಪ್ಪೆ, ತಿರುಳುಗಳೊಡನೆ ಹೊರಬೀಳುತ್ತದೆ. ಸಕ್ಕರೆ ಮಾತ್ರ ಉಳಿಯುತ್ತದೆ. 200 ಮಿಲಿಲೀಟರ್ ರಸದಲ್ಲಿ ಸುಮಾರು ನಾಲ್ಕು ಚಹಾ ಚಮಚದಷ್ಟು ಸಕ್ಕರೆ! ಹಣ್ಣಿನದೇ ಸಕ್ಕರೆಯಾದರೂ ರಸದಲ್ಲಿ ಸೇರಿದಾಗ ಅದನ್ನು ಮಿತಿಗೊಳಿಸಬೇಕಾದ ಸಕ್ಕರೆಯೆಂದೇ ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ಸೂಚನೆಯಲ್ಲಿ ಎಣಿಸಿದೆ. ಡಬ್ಬಿಯ ತರಕಾರಿಯ ದೋಷವೆಂದರೆ ಉಪ್ಪು. ನೀರನ್ನು ಬಸಿದು ತೊಳೆದರೆ ಅದರಲ್ಲಿ ಗಣನೀಯ ಭಾಗವು ಹೋಗುತ್ತದೆ. ಸೀಸೆಯ ಸಕ್ಕರೆಯನ್ನು ತೊಳೆಯುವ ಉಪಾಯವಿಲ್ಲ.

ಇನ್ನೊಂದು ಎಚ್ಚರಿಕೆ. ಮೇಲಿನ ಲೆಕ್ಕವು ಅಪ್ಪಟ ರಸಕ್ಕೆ ಮಾತ್ರ ಸಲ್ಲುತ್ತದೆ. 'ಹಣ್ಣಿನ ಪಾನೀಯ' ಎಂದು ಮಾರುವುದರಲ್ಲಿ ರಸವು ನೂರಕ್ಕೆ ಹತ್ತರಷ್ಟಿದ್ದರೂ ಸಾಕೆಂದು ನಮ್ಮ ಆಹಾರ ನಿಯಮವು ಹೇಳುತ್ತದೆ; ನಿಂಬೆಗೆ ಐದೇ ಸಾಕು. ಉಳಿದುದು ಮುಖ್ಯವಾಗಿ ನೀರು ಮತ್ತು ಸಕ್ಕರೆ. ಸೀಸೆಯ ಮುಂಭಾಗದ ಬಣ್ಣದ ಮಾವಿನಹಣ್ಣು ಇದನ್ನು ಹೇಳುವುದಿಲ್ಲ; ಹಿಂಭಾಗದ ಸಣ್ಣ ಅಕ್ಷರಗಳು ಹೇಳುತ್ತವೆ.

ಹೀಗೆ ಡಬ್ಬಿಯ ತರಕಾರಿಯು ಕೆಲವನ್ನು ಕಳೆದುಕೊಂಡರೂ ತರಕಾರಿಯಾಗಿಯೇ ಉಳಿಯುತ್ತದೆ; ಸೀಸೆಯ ರಸವು ಜೀವಸತ್ವವನ್ನು ಉಳಿಸಿಕೊಂಡರೂ ಹಣ್ಣಾಗಿ ಉಳಿಯುವುದಿಲ್ಲ. ನಮ್ಮ ವಿದ್ಯಾರ್ಥಿಯ ಎರಡು ತೀರ್ಪುಗಳೂ ಅರ್ಧಸತ್ಯಗಳೇ.

ಅವನಿಗೆ ಮೂರನೆಯ ದಾರಿಯೂ ಉಂಟು. ಚಿಕ್ಕಬಾಣಾವರದಾಚೆ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 'ಅರ್ಕಾ ಕಿರಣ್' ಎಂಬ ಕೆಂಪು ತಿರುಳಿನ ಸೀಬೆಯ ತಳಿಯನ್ನು ರೂಪಿಸಿದೆ. ಸಾಧಾರಣ ಸೀಬೆಯಲ್ಲಿಯೇ 'ಸಿ' ಜೀವಸತ್ವವು ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು, ನಾರೂ ಧಾರಾಳ. ತಳ್ಳುಗಾಡಿಯಲ್ಲಿ ಸಿಗುವ ಆ ಹಣ್ಣಿಗೆ ಸೀಸೆಯೂ ಬೇಡ, ಡಬ್ಬಿಯೂ ಬೇಡ. ಅದನ್ನು ತೊಳೆದು ಕಚ್ಚಿದರಾಯಿತು.